ಬ್ಯಾಂಕಿನ ನೋಟೀಸು ಮನೆಗೆ ಬಂದಾಗ

ಸಾಲದ ಕಂತು ನಿಂತ ಮನೆಗೆ ಬ್ಯಾಂಕಿನ ನೋಟೀಸು ಬಂದರೆ, ಯಜಮಾನರು ಅದನ್ನು ಮಡಚಿ ಬೀರುವಿನಲ್ಲಿ ಇಟ್ಟುಬಿಡುವುದುಂಟು, ಮಡದಿಗೂ ತಿಳಿಸುವುದಿಲ್ಲ. ಮರ್ಯಾದೆಗಂಜಿ ಕಳೆದ ಆ ದಿನಗಳೇ ಮನೆಗೆ ಮುಳುವಾಗುತ್ತವೆ.

2002ರ ಸರ್ಫೇಸಿ ಕಾಯ್ದೆಯ 13(2)ನೆಯ ಕಲಮಿನಂತೆ ಬಾಕಿ ತೀರಿಸಲು ದೊರೆಯುವ ಅವಧಿ 60 ದಿನ. ಬಡ್ಡಿಯ ಲೆಕ್ಕ ತಪ್ಪಿದ್ದರೆ, ಕಟ್ಟಿದ ಹಣ ಜಮೆಯಾಗಿರದಿದ್ದರೆ, ಅಷ್ಟರೊಳಗೆ ಲಿಖಿತವಾಗಿ ಆಕ್ಷೇಪಿಸಬೇಕು. ಒಪ್ಪದಿದ್ದಲ್ಲಿ ಬ್ಯಾಂಕು 15 ದಿನಗಳೊಳಗೆ ಕಾರಣ ತಿಳಿಸಲೇಬೇಕು. ವ್ಯವಸ್ಥಾಪಕರೊಡನೆ ಆಡಿದ ಬಾಯಿಮಾತನ್ನು ನಂಬಿ ಕೂರಬೇಡಿರಿ; ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿರಿ.

ಬ್ಯಾಂಕು ಸ್ವಾಧೀನದ ಕ್ರಮ ಕೈಗೊಂಡ ಮೇಲೆ ಊರಿನ ಸಿವಿಲ್ ನ್ಯಾಯಾಲಯಕ್ಕೆ ಅಲೆದು ಸಾಮಾನ್ಯವಾಗಿ ಫಲವಿಲ್ಲ. 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬೇಕು; ನಮ್ಮ ರಾಜ್ಯದವರಿಗೆ ಅದು ಬೆಂಗಳೂರಿನಲ್ಲಿದೆ. ಮ್ಯಾಜಿಸ್ಟ್ರೇಟರ ಆದೇಶ ಹಿಡಿದು ಬಾಗಿಲಿಗೆ ಬಂದವರೊಡನೆ ವಾದಿಸಿ ಪ್ರಯೋಜನವಿಲ್ಲ, ಅವರು ಲೆಕ್ಕ ವಿಚಾರಿಸಲು ಬಂದವರಲ್ಲ.

ಇನ್ನೊಂದು ಮಾತು. ಪೂರ್ಣ ಬಾಕಿಯನ್ನೂ ಖರ್ಚನ್ನೂ ಕಟ್ಟಿ ಮನೆ ಬಿಡಿಸಿಕೊಳ್ಳುವ ಅವಕಾಶ ಮೊದಲು ಮಾರಾಟಕ್ಕೆ ಗೊತ್ತುಪಡಿಸಿದ ದಿನದ ತನಕ ಇತ್ತು. 2016ರ ತಿದ್ದುಪಡಿಯು ಅದನ್ನು ಹರಾಜಿನ ಪ್ರಕಟಣೆಗೆ ಮುಂಚಿನ ಕಾಲಕ್ಕೆ ಮೊಟಕುಗೊಳಿಸಿದೆ. ಹಳೆಯ ನಿಯಮವನ್ನೇ ನೆಚ್ಚಿ, ಒಡವೆ ಮಾರಿದ ಹಣದೊಡನೆ ಹರಾಜಿನ ಹಿಂದಿನ ದಿನ ಓಡಿದವರಿಗೆ ಬಾಗಿಲು ಮುಚ್ಚಿರುತ್ತದೆ.