ಸೇದಿದಷ್ಟೂ ಒರತೆ, ತಾಯಿಯ ಹಾಲು

“ಈಗ ತಾನೇ ಕುಡಿಸಿದೆಯಲ್ಲಮ್ಮ, ಮತ್ತೆ ಯಾಕೆ ಅಳುತ್ತೆ? ನಿನಗೆ ಹಾಲು ಸಾಲದು ಅಂತ ಕಾಣುತ್ತೆ.”

ಬಾಣಂತಿ ಕೋಣೆಯಲ್ಲಿ ಈ ಮಾತು ಕೇಳಿಬರದ ಮನೆ ಅಪರೂಪ. ಹೇಳುವವರ ಉದ್ದೇಶ ಕೆಟ್ಟದ್ದೇನಲ್ಲ. ಆದರೆ ಮಾತಿನ ಬೆನ್ನಿಗೇ ಹಾಲಿನ ಪುಡಿಯ ಡಬ್ಬಿ, ಬಾಟಲಿ ಮನೆಗೆ ಬರುತ್ತವೆ. ಹೊಟ್ಟೆ ತುಂಬಿದ ಮಗು ಎದೆ ಚೀಪುವುದನ್ನು ಕಡಿಮೆ ಮಾಡುತ್ತದೆ. ಕೆಲವೇ ದಿನಗಳಲ್ಲಿ ತಾಯಿಗೆ ಹಾಲು ನಿಜಕ್ಕೂ ಕಡಿಮೆಯಾಗುತ್ತದೆ!

ಇದಕ್ಕೆ ಕಾರಣ ಸರಳ. ತಾಯಿಯ ಎದೆ ಹಾಲು ತುಂಬಿಟ್ಟ ಕೊಡವಲ್ಲ, ಒರತೆಯ ಬಾವಿ. ಸೇದಿದಷ್ಟೂ ಊರುತ್ತದೆ.

ಮಗುವೇ ಗಡಿಯಾರ

ಮಗು ಚೀಪಿದಾಗ ನರಗಳ ಮೂಲಕ ಸುದ್ದಿ ಮಿದುಳಿಗೆ ಮುಟ್ಟುತ್ತದೆ. ಅಲ್ಲಿರುವ ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಪ್ರೊಲ್ಯಾಕ್ಟಿನ್ ಹಾಲು ತಯಾರಾಗುವಂತೆ ಮಾಡುತ್ತದೆ. ಆಕ್ಸಿಟೋಸಿನ್ ಅದನ್ನು ಹೊರಕ್ಕೆ ಹರಿಸುತ್ತದೆ. ಪ್ರೊಲ್ಯಾಕ್ಟಿನ್ ರಾತ್ರಿ ಹೆಚ್ಚಾಗಿ ಸ್ರವಿಸುವುದರಿಂದ ರಾತ್ರಿಯ ಹಾಲೂಡಿಕೆ ಬಹು ಮುಖ್ಯ. ಆಕ್ಸಿಟೋಸಿನ್‌ಗೆ ನೋವು, ಆತಂಕಗಳೇ ಶತ್ರು. ‘ಹಾಲು ಸಾಲದು’ ಎಂಬ ಚುಚ್ಚುಮಾತು ಕೂಡ ಹಾಲಿನ ಹರಿವನ್ನು ತಡೆಯಬಲ್ಲದು. ಹಾಲು ಖಾಲಿಯಾಗದೆ ಎದೆಯಲ್ಲೇ ಉಳಿದರೆ ಉತ್ಪಾದನೆಯೂ ನಿಧಾನವಾಗುತ್ತದೆ.

ಹಸುಗೂಸಿನ ಹೊಟ್ಟೆ ಪುಟ್ಟದು, ತಾಯಿಹಾಲು ಬೇಗ ಜೀರ್ಣವಾಗುವಂಥದು. ಹೀಗಾಗಿ ದಿನದ 24 ಗಂಟೆಗಳಲ್ಲಿ 8ರಿಂದ 12 ಬಾರಿ ಹಾಲು ಕೇಳುವುದು ಸಹಜ. ತಲೆ ಹೊರಳಿಸುವುದು, ಬಾಯಿ ತೆರೆಯುವುದು, ಕೈ ಚೀಪುವುದು ಹಸಿವಿನ ಮೊದಲ ಸೂಚನೆಗಳು, ಅಳು ಕೊನೆಯದು. ಮೊದಲ ವಾರದ ನಂತರ ಮಗು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತ, ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದೇ ಅರ್ಥ. ಹಾಗಾಗದಿದ್ದರೆ, ಇಲ್ಲವೇ ಮಗು ಹಾಲಿಗೂ ಏಳದೆ ಮಂಕಾಗಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಮೊದಲ ದಿನಗಳ ಹಳದಿ, ಮಂದ ಗಿಣ್ಣುಹಾಲನ್ನು ಹಿಂಡಿ ಚೆಲ್ಲುವವರು ಇಂದಿಗೂ ಇದ್ದಾರೆ. ರೋಗನಿರೋಧಕ ವಸ್ತುಗಳು ತುಂಬಿರುವ ಅದು ಮಗುವಿಗೆ ಸಿಗುವ ಮೊದಲ ರಕ್ಷಣೆ. ಹೆರಿಗೆಯಾದ ಒಂದು ಗಂಟೆಯೊಳಗೆ ಹಾಲೂಡಿಸಬೇಕು, ಆರು ತಿಂಗಳು ಎದೆಹಾಲಲ್ಲದೆ ನೀರೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಜೇನುತುಪ್ಪ, ಸಕ್ಕರೆ ನೀರಿಗೆ ಅಲ್ಲಿ ಜಾಗವಿಲ್ಲ.

ಇನ್ನೊಬ್ಬಳ ಕೂಸಿಗೂ

ಆದರೆ ತಿಂಗಳು ತುಂಬದೆ ಹುಟ್ಟಿ, ಒಂದೂವರೆ ಕಿಲೋ ಕೂಡ ತೂಗದ ಕೂಸು? ತಾಯಿ ತೀವ್ರ ಕಾಯಿಲೆಯಲ್ಲಿದ್ದರೆ, ತೀರಿಕೊಂಡಿದ್ದರೆ? ಇಂಥ ಕೂಸಿನ ಕರುಳು ಇನ್ನೂ ಎಳಸು. ಹಸುವಿನ ಹಾಲಿನಿಂದ ತಯಾರಾದ ಪುಡಿ ಕೊಟ್ಟಾಗ ಕರುಳೇ ಕೊಳೆಯುವ ಮಾರಕ ಕಾಯಿಲೆಯ ಅಪಾಯ ಹೆಚ್ಚು. ದಾನಿ ತಾಯಿಯ ಹಾಲು ಕೊಟ್ಟಾಗ ಅದು ಕಡಿಮೆ.

ಇದಕ್ಕೆಂದೇ 1909ರಲ್ಲಿ ವಿಯೆನ್ನಾದಲ್ಲಿ ಜಗತ್ತಿನ ಮೊದಲ ತಾಯಿಹಾಲಿನ ಬ್ಯಾಂಕು ಆರಂಭವಾಯಿತು. ಭಾರತದಲ್ಲಿ 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಅವರು ಆರಂಭಿಸಿದ ಬ್ಯಾಂಕು ಏಷ್ಯಾದಲ್ಲೇ ಮೊದಲನೆಯದು. ಬೆಂಗಳೂರಿನ ವಾಣಿವಿಲಾಸ ಸರ್ಕಾರಿ ಆಸ್ಪತ್ರೆಯಲ್ಲಿ 2022ರಲ್ಲಿ ‘ಅಮೃತಧಾರೆ’ ಶುರುವಾಯಿತು.

ದಾನಿಯ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್‌ಗಳಿಗಾಗಿ ಪರೀಕ್ಷಿಸುತ್ತಾರೆ. ಶುಚಿಯಾಗಿ ಹಿಂಡಿದ ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿ, ತಣಿಸಿ, ರೋಗಾಣು ಪರೀಕ್ಷೆ ಮಾಡಿ, ಮೈನಸ್ 20 ಡಿಗ್ರಿಯಲ್ಲಿ ಗಟ್ಟಿಯಾಗಿಸಿ ಇಡುತ್ತಾರೆ. ಬೇಕಾದಾಗ ಕರಗಿಸಿ ನಳಿಕೆಯಿಂದಲೋ, ಅಜ್ಜಿಯರ ಕಾಲದ ಒಳಲೆಯಿಂದಲೋ ಕೂಸಿಗೆ ಕೊಡುತ್ತಾರೆ. ಈ ಪರೀಕ್ಷೆಗಳಿಲ್ಲದೆ ನೇರವಾಗಿ ಬೇರೆ ಮಗುವಿಗೆ ಹಾಲೂಡಿಸಿದರೆ ಸೋಂಕು ದಾಟಬಹುದು. ಇದು ದಾನವೇ ಹೊರತು ವ್ಯಾಪಾರವಲ್ಲ. ತಾಯಿಹಾಲಿನ ಮಾರಾಟ ಸಲ್ಲದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರಲ್ಲಿ ಎಚ್ಚರಿಸಿತು.

“ಕೊಟ್ಟರೆ ನನ್ನ ಮಗುವಿಗೆ ಕಡಿಮೆಯಾದೀತೆ?” ಎಂಬ ಅಳುಕು ತಾಯಂದಿರಿಗೆ ಸಹಜ. ತನ್ನ ಮಗು ಕುಡಿದ ಮೇಲೆ ಉಳಿದದ್ದನ್ನಷ್ಟೇ ಕೊಡುವುದು. ತೆಗೆದ ಜಾಗಕ್ಕೆ ಒರತೆ ಮತ್ತೆ ತುಂಬಿಕೊಡುತ್ತದೆ.

ಕೂಸು ಮತ್ತೆ ಅತ್ತಾಗ ಬಾಣಂತಿಗೆ ಹೇಳಬೇಕಾದ ಮಾತು ‘ಹಾಲು ಸಾಲದು’ ಎಂದಲ್ಲ. “ಇನ್ನೊಂದು ಸಲ ಎದೆಗೆ ಹಾಕಿಕೊಳ್ಳಮ್ಮ, ಮನೆಗೆಲಸ ನಾವು ನೋಡಿಕೊಳ್ಳುತ್ತೇವೆ” ಎಂದು.