ನೌಕೆಯ ಮಾತು ಕೇಳಲು ಎಷ್ಟು ದೇಶ ಬೇಕು?

ಪ್ರಶ್ನೆ: ಬೆಂಗಳೂರಿನ ಹತ್ತಿರ ಬ್ಯಾಲಾಳುವಿನಲ್ಲೇ ದೊಡ್ಡ ಆಂಟೆನಾ ಇರುವಾಗ ಚಂದ್ರಯಾನ-3ಕ್ಕೆ ಬೇರೆ ದೇಶಗಳ ನೆರವು ಯಾಕೆ ಬೇಕಾಯಿತು?

ಭೂಮಿ ತಿರುಗುತ್ತದೆ, ಅದಕ್ಕೆ. ಬ್ಯಾಲಾಳುವಿನ 32 ಮೀಟರ್ ಅಗಲದ ಆಂಟೆನಾ ಎಷ್ಟೇ ಸೂಕ್ಷ್ಮವಾಗಿರಲಿ, ಚಂದ್ರ ಮುಳುಗಿದ ಮೇಲೆ ಅದಕ್ಕೇನೂ ಕೇಳಿಸದು. ನಡುವೆ ಇಡೀ ಭೂಮಿಯೇ ಅಡ್ಡ! ದಿನದಲ್ಲಿ ಹೆಚ್ಚುಕಡಿಮೆ ಅರ್ಧ ಹೊತ್ತು ನೌಕೆ ನಮಗೆ ಮರೆ.

ಆಸ್ಪತ್ರೆಯಲ್ಲಿ ನರ್ಸ್‌ಗಳ ಪಾಳಿ ನೋಡಿ. ಒಬ್ಬರು ಮನೆಗೆ ಹೊರಡುವ ಮುಂಚೆಯೇ ಇನ್ನೊಬ್ಬರು ಬಂದು ರೋಗಿಯ ಚಾರ್ಟ್ ಕೈಗೆತ್ತಿಕೊಂಡಿರುತ್ತಾರೆ. ನಾಸಾದ ಆಂಟೆನಾಗಳೂ ಹೀಗೆಯೇ: ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್, ಸ್ಪೇನಿನ ಮ್ಯಾಡ್ರಿಡ್, ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಬಳಿ, ಒಂದಕ್ಕೊಂದು ಸುಮಾರು 120 ಡಿಗ್ರಿ ದೂರದಲ್ಲಿವೆ. ಒಂದು ಕಡೆ ನೌಕೆ ಮುಳುಗುವಷ್ಟರಲ್ಲಿ ಇನ್ನೊಂದು ಕಡೆ ಮೇಲೆದ್ದಿರುತ್ತದೆ. 2023ರಲ್ಲಿ ಚಂದ್ರಯಾನ-3ಕ್ಕೆ ಈ ಜಾಲದ ಜತೆಗೆ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಕೇಂದ್ರಗಳೂ ಕಿವಿಗೊಟ್ಟವು. ಸಂಕೇತಗಳ ರೂಪವನ್ನು ದೇಶಗಳು ಮೊದಲೇ ಒಪ್ಪಿಕೊಂಡಿರುವುದರಿಂದ ಇದು ಸಾಧ್ಯ. ಇಲ್ಲದಿದ್ದರೆ ಕೇಳಿಸಿದ್ದೂ ಬರೀ ಗದ್ದಲ.

ಪಾಳಿ ಬದಲಿಸಲು ಯಾರೂ ಇಲ್ಲದ ಪೇಚಾಟವೂ ಉಂಟು. 1977ರಲ್ಲಿ ಹೊರಟ ನಾಸಾದ ನೌಕೆ ವಾಯೇಜರ್-2 ದಕ್ಷಿಣದ ಆಕಾಶದತ್ತ ಬಹುದೂರ ಸಾಗಿದೆ, ಉತ್ತರದ ಆಂಟೆನಾಗಳಿಗೆ ಅದು ಕಾಣದು. ಅಷ್ಟು ದೂರಕ್ಕೆ ಆಜ್ಞೆ ಮುಟ್ಟಿಸಬಲ್ಲದ್ದು ಕ್ಯಾನ್‌ಬೆರಾದ 70 ಮೀಟರ್ ಆಂಟೆನಾ ಮಾತ್ರ. 2023ರ ಜುಲೈನಲ್ಲಿ ತಪ್ಪು ಆಜ್ಞೆಯೊಂದರಿಂದ ನೌಕೆಯ ಆಂಟೆನಾ ಭೂಮಿಯಿಂದ ಬರೀ 2 ಡಿಗ್ರಿ ಆಚೆ ಹೊರಳಿತು, ಮಾತು ನಿಂತಿತು. ಸರಿಪಡಿಸುವ ಆಜ್ಞೆಯನ್ನು ಕ್ಯಾನ್‌ಬೆರಾ ಜೋರಾಗಿ ಕಳಿಸಿತು. ಅದು ಹೋಗಿ ಉತ್ತರ ಬರಲು 37 ಗಂಟೆ ಹಿಡಿಯಿತು.