ಬೇಳೆ ಗಿರಣಿಯ ಆಳುಗಳ ವ್ಯವಹಾರವನ್ನು ಯಾರಿಗೆ ಒಪ್ಪಿಸಬೇಕು?

ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳ ತೊಗರಿ ಬೆಳೆಗಾರರಲ್ಲಿ ಕೆಲವರು ಕಾಳನ್ನು ಹಾಗೆಯೇ ಮಾರದೆ, ತಾವೇ ಅಥವಾ ನಾಲ್ಕು ಜನ ಕೂಡಿ ಸಣ್ಣ ಬೇಳೆ ಗಿರಣಿ ನಡೆಸುತ್ತಾರೆ. ಗಿರಣಿ ಹಾಕುವ ಮೊದಲು ಯಂತ್ರ, ವಿದ್ಯುತ್ತು, ಬ್ಯಾಂಕಿನ ಸಾಲ, ಒಣಗಿಸುವ ಅಂಗಳ ಇವುಗಳ ಬಗ್ಗೆ ಸಾಕಷ್ಟು ವಿಚಾರ ನಡೆಯುತ್ತದೆ. ಆಳುಗಳ ವಿಚಾರ ಮಾತ್ರ ಹಿಂದೆ ಬೀಳುತ್ತದೆ. ಹೊಲಕ್ಕೆ ಕರೆದಂತೆ ಗಿರಣಿಗೂ ಕರೆದರಾಯಿತು ಎಂಬ ಭಾವನೆಯೇ ಇದಕ್ಕೆ ಕಾರಣ. ಹೊಲದಲ್ಲಿ ಸಂಜೆಗೆ ಕೂಲಿ ಎಣಿಸಿ ಕೊಟ್ಟರೆ ಲೆಕ್ಕ ಮುಗಿಯಿತೆಂದು ತಿಳಿಯುವ ರೂಢಿಯಿದೆ. ಗಿರಣಿಯಲ್ಲಿ ಕೂಲಿ ಕೊಟ್ಟ ಮೇಲೂ ಹಾಜರಿ, ವಿಮೆ, ಭವಿಷ್ಯ ನಿಧಿ, ಅಪಘಾತದ ಪರಿಹಾರ ಎಂಬ ಬಾಬುಗಳು ಉಳಿದೇ ಇರುತ್ತವೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿದ್ದು, ಪ್ರತಿಯೊಬ್ಬ ಕೆಲಸಗಾರನಿಗೂ ನೇಮಕಾತಿ ಪತ್ರ ಕೊಡುವುದು ಕಡ್ಡಾಯವಾಗಿದೆ. ಈ ಕೆಲಸವನ್ನೆಲ್ಲ ಮಾಡುವವರು ಯಾರು?

ಮೊದಲು ತಲೆ ಎಣಿಕೆ

ಉತ್ತರವು ಗಿರಣಿಯಲ್ಲಿ ಎಷ್ಟು ಜನ ದುಡಿಯುತ್ತಾರೆ ಎಂಬುದನ್ನು ಅವಲಂಬಿಸಿದೆ. ಹೊಸ ತೊಗರಿ ಡಿಸೆಂಬರ್-ಜನವರಿಯಲ್ಲಿ ಮಾರುಕಟ್ಟೆಗೆ ಬರುತ್ತದೆ. ಗಿರಣಿಗೆ ಆಗಲೇ ಸುಗ್ಗಿ. ಯಂತ್ರ ನಡೆಸುವವನೊಬ್ಬ, ಅವನಿಗೆ ಸಹಾಯಕರು ಇಬ್ಬರು, ಅಂಗಳದಲ್ಲಿ ಕಾಳು ಹರಡುವ ಮತ್ತು ಬೇಳೆ ಆರಿಸುವ ಹೆಣ್ಣಾಳುಗಳು ಐವರು, ಹಮಾಲರು ನಾಲ್ವರು, ಮುನೀಮ, ಕಾವಲುಗಾರ ಎಂದರೆ ಆಗಲೇ 14 ಜನರಾದರು. ಮಳೆಗಾಲದಲ್ಲಿ ಇದೇ ಗಿರಣಿಯಲ್ಲಿ ಐದಾರು ಮಂದಿ ಇರಬಹುದು. ಮಾಲೀಕರು ಸಾಮಾನ್ಯವಾಗಿ ಹೇಳುವುದು ಈ ಎರಡನೆಯ ಸಂಖ್ಯೆಯನ್ನು. ಕಾನೂನು ನೋಡುವುದು ಮೊದಲನೆಯದನ್ನು.

ಹತ್ತು ಜನರಿದ್ದರೆ ಇ.ಎಸ್.ಐ. ವಿಮೆ, ಇಪ್ಪತ್ತು ಜನರಿದ್ದರೆ ಭವಿಷ್ಯ ನಿಧಿ ಅನ್ವಯಿಸುತ್ತದೆ. ಚೀಲಕ್ಕಿಷ್ಟೆಂದು ಕೂಲಿ ಪಡೆಯುವವರು, ಗುತ್ತಿಗೆದಾರನ ಮೂಲಕ ಬಂದವರು ಎಲ್ಲರೂ ಎಣಿಕೆಗೆ ಸೇರುತ್ತಾರೆ. ಒಮ್ಮೆ ಅನ್ವಯಿಸಿದರೆ ಮುಂದೆ ಜನ ಕಡಿಮೆಯಾದರೂ ಅದು ತಪ್ಪುವುದಿಲ್ಲ. ಹತ್ತಿ ಹಿಂಜುವ, ಶೇಂಗಾ ಸುಲಿಯುವ ಋತುಮಾನದ ಕಾರ್ಖಾನೆಗಳಿಗೆ ಇ.ಎಸ್.ಐ.ಯಿಂದ ವಿನಾಯಿತಿ ಇದೆ. ಅದನ್ನು ನೋಡಿ ಬೇಳೆ ಗಿರಣಿಗೂ ಇದೆಯೆಂದು ತಿಳಿಯಬಾರದು. ಆ ಪಟ್ಟಿಯಲ್ಲಿ ಬೇಳೆ ಗಿರಣಿಯ ಹೆಸರಿಲ್ಲ.

ವೆಚ್ಚವೂ ಮಾಲೀಕರು ಅಂಜುವಷ್ಟಿಲ್ಲ. 2019ರ ಜುಲೈಯಲ್ಲಿ ನಿಗದಿಯಾದ ದರದಂತೆ ಇ.ಎಸ್.ಐ.ಗೆ ಮಾಲೀಕನ ಪಾಲು ವೇತನದ ಶೇ. 3.25, ಕೆಲಸಗಾರನದು ಶೇ. 0.75. ತಲಾ 15,000 ರೂ. ವೇತನದ 14 ಜನರಿಗೆ ತಿಂಗಳ ವೇತನ 2,10,000 ರೂ.; ಮಾಲೀಕನ ಪಾಲು 6,825 ರೂ., ಎಲ್ಲ ಕೆಲಸಗಾರರದು ಸೇರಿ 1,575 ರೂ. ಯಂತ್ರದ ಪಟ್ಟಿಗೆ ಸೀರೆಯ ಸೆರಗು ಸಿಕ್ಕಿ ಹೆಣ್ಣುಮಗಳೊಬ್ಬಳ ಕೈ ಮುರಿದರೆ, ಆಸ್ಪತ್ರೆಯ ಖರ್ಚನ್ನು ಇ.ಎಸ್.ಐ. ನೋಡಿಕೊಳ್ಳುತ್ತದೆ, ಆಕೆ ಕೆಲಸಕ್ಕೆ ಬಾರದ ದಿನಗಳಿಗೆ ಸರಾಸರಿ ಕೂಲಿಯ ಶೇ. 90ರಷ್ಟು ದೊರೆಯುತ್ತದೆ. ಕಲಬುರಗಿಯಲ್ಲಿ ಇ.ಎಸ್.ಐ.ಯ ವೈದ್ಯಕೀಯ ಕಾಲೇಜು ಆಸ್ಪತ್ರೆಯೇ ಇದೆ. ನೋಂದಣಿ ಮಾಡಿಸದೆ ಇದ್ದರೆ ಆ ಖರ್ಚು ಕೊನೆಗೆ ಮಾಲೀಕನಿಂದಲೇ ವಸೂಲಾಗುತ್ತದೆ. ಹತ್ತಕ್ಕಿಂತ ಕಡಿಮೆ ಜನರಿರುವ ಗಿರಣಿಯಲ್ಲಿ ಪರಿಹಾರದ ಹೊಣೆ ನೇರವಾಗಿ ಮಾಲೀಕನದು. ಅಂಥವರು ಸಾಮಾನ್ಯ ವಿಮಾ ಕಂಪನಿಗಳಲ್ಲಿ ನೌಕರರ ಪರಿಹಾರದ ಪಾಲಿಸಿ ಮಾಡಿಸತಕ್ಕದ್ದು. ಪಟ್ಟಿಗೆ ಜಾಲರಿಯ ಮುಚ್ಚಳ ಹಾಕಿಸುವುದು ಇವೆಲ್ಲಕ್ಕಿಂತ ಅಗ್ಗ.

ಮುನೀಮನೋ, ಗುತ್ತಿಗೆದಾರನೋ?

ಹತ್ತರೊಳಗಿನ ಗಿರಣಿಗೆ ಮುನೀಮನೇ ಸಾಕು. ನೇಮಕಾತಿ ಪತ್ರ, ಹಾಜರಿ ಪುಸ್ತಕ, ವೇತನದ ಪುಸ್ತಕ ಇವನ್ನು ಆತ ಇಡಬಲ್ಲ. ಸರಕಾರ ಗೊತ್ತುಪಡಿಸಿದ ಕನಿಷ್ಠ ವೇತನದ ಹೊಸ ದರವನ್ನು ವರ್ಷಕ್ಕೊಮ್ಮೆ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ ಬರೆದುಕೊಳ್ಳಬೇಕು. ತಿಂಗಳ ಸಂಬಳದವರಿಗೆ ಮುಂದಿನ ತಿಂಗಳ 7ರೊಳಗೆ, ಕೆಲಸ ಬಿಟ್ಟವನಿಗೆ ಎರಡು ಕೆಲಸದ ದಿನಗಳೊಳಗೆ ಬಾಕಿ ಸಲ್ಲಬೇಕು. ತೊಂದರೆ ಬರುವುದು ಸುಗ್ಗಿಯಲ್ಲಿ. ಚೀಲ ಎಣಿಸುವ, ಲಾರಿ ಕಳಿಸುವ ಗಡಿಬಿಡಿಯಲ್ಲಿ ಹಾಜರಿ ಪುಸ್ತಕ ವಾರಗಟ್ಟಲೆ ಖಾಲಿ ಉಳಿಯುತ್ತದೆ.

ಆಗ ಹಲವರು ಗುತ್ತಿಗೆದಾರನ ಕಡೆಗೆ ತಿರುಗುತ್ತಾರೆ. ಆತ ಜನರನ್ನು ಕರೆತರುತ್ತಾನೆ, ಒಬ್ಬ ಬಾರದಿದ್ದರೆ ಇನ್ನೊಬ್ಬನನ್ನು ಕಳಿಸುತ್ತಾನೆ, ಮಾಲೀಕ ಒಟ್ಟು ಮೊತ್ತ ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಕೈ ತೊಳೆದಂತೆ ಕಾಣುತ್ತದೆ ಅಷ್ಟೆ. ಗುತ್ತಿಗೆದಾರ ಕೂಲಿ ಕೊಡದೆ ಹೋದರೆ ಮಾಲೀಕನೇ ಕೊಟ್ಟು, ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಬೇಕು. ಇ.ಎಸ್.ಐ. ವಂತಿಗೆಯ ನಿಯಮವೂ ಹೀಗೆಯೇ. ಮುಂಗಡ ಪಡೆದು ಬಂದ ಆಳಿಗೆ ಗುತ್ತಿಗೆದಾರ ಎಷ್ಟು ಕೂಲಿ ಕೊಡುತ್ತಾನೆಂಬುದು ಮಾಲೀಕನಿಗೆ ತಿಳಿದಿರುವುದೇ ಇಲ್ಲ. ಲಾರಿ ತುಂಬಿಸುವ, ಇಳಿಸುವ ಬಿಡಿ ಕೆಲಸಕ್ಕೆ ಈ ಪದ್ಧತಿ ನಡೆದೀತು. ಯಂತ್ರದ ಬಳಿ ನಿಲ್ಲುವವರನ್ನು ಗುತ್ತಿಗೆಗೆ ಬಿಡುವುದು ಸರ್ವಥಾ ಸಲ್ಲದು. ದಿನಕ್ಕೊಬ್ಬ ಹೊಸಬ ಬಂದರೆ ಬೇಳೆಗಿಂತ ನುಚ್ಚೇ ಹೆಚ್ಚು.

ಊರಿನ ಸಲಹೆಗಾರ

ಹತ್ತು ದಾಟಿದ ಗಿರಣಿಗೆ ಪಟ್ಟಣದ ಕಾರ್ಮಿಕ ಕಾನೂನು ಸಲಹೆಗಾರನನ್ನೋ ಲೆಕ್ಕಪತ್ರ ನೋಡುವ ಕಚೇರಿಯನ್ನೋ ತಿಂಗಳ ಶುಲ್ಕಕ್ಕೆ ಗೊತ್ತುಮಾಡುವುದು ಹೆಚ್ಚು ಅನುಕೂಲ. ನೋಂದಣಿ, ಪ್ರತಿ ತಿಂಗಳ 15ರೊಳಗೆ ಹಿಂದಿನ ತಿಂಗಳ ವಂತಿಗೆ ಕಟ್ಟುವುದು, ವಾರ್ಷಿಕ ವರದಿ ಇವು ಅಭ್ಯಾಸವಿದ್ದವರಿಗೆ ಸುಲಭದ ಕೆಲಸ. ಆದರೆ ನೋಂದಣಿಯನ್ನು ಮಾಲೀಕನ ಮೊಬೈಲ್ ಸಂಖ್ಯೆಗೇ ಮಾಡಿಸಬೇಕು. ಸಲಹೆಗಾರನ ಸಂಖ್ಯೆಗೆ ಮಾಡಿಸಿದರೆ, ನಾಳೆ ಅವನನ್ನು ಬಿಡಬೇಕೆಂದಾಗ ಗಿರಣಿಯ ಖಾತೆಯೇ ಅವನ ಹತ್ತಿರ ಉಳಿಯುತ್ತದೆ. ಕೆಲಸಗಾರರ ಹೆಸರುಗಳಿರುವ ಪಾವತಿ ಪಟ್ಟಿಯನ್ನು ತಿಂಗಳು ತಿಂಗಳು ತರಿಸಿ ನೋಡಬೇಕು. ಕೂಲಿಯಲ್ಲಿ ಹಿಡಿದ ವಂತಿಗೆಯನ್ನು ಕಟ್ಟದೆ ಇರುವುದು ಅಪರಾಧ, ಹಾಗೂ ಆ ಅಪರಾಧ ಸಲಹೆಗಾರನದೆಂದು ಹೇಳಿ ಮಾಲೀಕ ಪಾರಾಗಲಾರ.

ಒಂದೇ ಊರಿನ ಮೂರು ನಾಲ್ಕು ಗಿರಣಿಗಳು ಕೂಡಿ ಓದುಬರಹ ಬಲ್ಲ ಒಬ್ಬ ಗುಮಾಸ್ತನನ್ನು ಇಟ್ಟುಕೊಳ್ಳುವುದೂ ಸಾಧ್ಯ. ವಾರಕ್ಕೊಂದು ದಿನ ಒಂದೊಂದು ಗಿರಣಿ. ರೈತ ಉತ್ಪಾದಕ ಕಂಪನಿಯ ಗಿರಣಿಯಾದರೆ, 2020ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಯೋಜನೆಯಡಿ ರಚಿತವಾದ ಕಂಪನಿಗಳಿಗೆ ಮೊದಲ ಮೂರು ವರ್ಷ ವ್ಯವಸ್ಥಾಪಕ ಹಾಗೂ ಲೆಕ್ಕಿಗನ ಸಂಬಳವೂ ಸೇರಿದಂತೆ ಒಟ್ಟು 18 ಲಕ್ಷ ರೂ.ವರೆಗೆ ನೆರವಿಗೆ ಅವಕಾಶ ಮಾಡಲಾಗಿತ್ತು. ನೆರವು ಮುಗಿದ ನಾಲ್ಕನೆಯ ವರ್ಷದ ಸಂಬಳಕ್ಕೆ ದಾರಿಯನ್ನು ಮೊದಲೇ ನೋಡಿಕೊಳ್ಳದ ಕಂಪನಿಯಲ್ಲಿ ಲೆಕ್ಕಿಗ ಹೋದನೆಂದರೆ ಪುಸ್ತಕಗಳೂ ನಿಂತಂತೆ.

ಕಾಗದದ ಕೆಲಸವನ್ನು ಹೀಗೆ ಯಾರಿಗಾದರೂ ಒಪ್ಪಿಸಬಹುದು. ಯಾರನ್ನು ತೆಗೆದುಕೊಳ್ಳಬೇಕು, ಯಾರಿಗೆಷ್ಟು ಕೊಡಬೇಕು, ಯಾರ ದೂರು ಏನು ಎಂಬುದನ್ನು ಒಪ್ಪಿಸಲಾಗದು. ಅಂಗಳದ ಹೆಣ್ಣಾಳಿಗೆ ಮುನೀಮನಿಂದಲೇ ಕಿರುಕುಳವಾದರೆ ಆಕೆ ದೂರನ್ನು ಮುನೀಮನಿಗೆ ಹೇಳುವಳೇ? 2013ರ ಕಾಯಿದೆಯಂತೆ ಹತ್ತು ಜನರಿರುವ ಕಡೆ ಮಹಿಳೆಯ ಅಧ್ಯಕ್ಷತೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಸಣ್ಣ ಗಿರಣಿಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮಾಲೀಕನ ಮನೆಯ ಹೆಣ್ಣುಮಕ್ಕಳು ವಾರಕ್ಕೊಮ್ಮೆ ಅಂಗಳಕ್ಕೆ ಬಂದು ಕುಳಿತರೆ ಎಷ್ಟೋ ಮಾತು ಹೊರಬೀಳುತ್ತದೆ.

ಈ ಏರ್ಪಾಡನ್ನು ದೀಪಾವಳಿಯ ಹೊತ್ತಿಗೆ ಆರಂಭಿಸುವುದು ಒಳ್ಳೆಯದು. ಆಧಾರ್ ಚೀಟಿಯಲ್ಲಿ ಒಂದು ಹೆಸರು, ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು ಹೆಸರು ಇರುವುದು ಹಳ್ಳಿಗಳಲ್ಲಿ ಸಾಮಾನ್ಯ. ಅದನ್ನು ತಿದ್ದಿಸಲು ವಾರಗಳೇ ಹಿಡಿಯುತ್ತವೆ. ತೊಗರಿ ಬಂದು ಅಂಗಳ ತುಂಬಿದ ಮೇಲೆ ಅದಕ್ಕಾಗಿ ಆಳನ್ನು ತಾಲ್ಲೂಕಿಗೆ ಕಳಿಸಲು ಯಾವ ಮಾಲೀಕನೂ ಒಪ್ಪುವುದಿಲ್ಲ.